ಕಂಪನಿ ಕೊಟ್ಟ 7 ಇಂಚಿನ ರಿಮ್ ಮೇಲೆ 225 ಟೈರ್ ಹಾಕಬಹುದಾ?

ಹಾಕಲು ಆಗುತ್ತದೆ, ಆದರೆ ಹಾಕಬೇಡಿ. ನಿಮ್ಮ ಹಾಟ್ ಹ್ಯಾಚ್‌ಗೆ (ಜೋರು ಎಂಜಿನ್ ಇರುವ ಸಣ್ಣ ಹ್ಯಾಚ್‌ಬ್ಯಾಕ್ ಕಾರು) ಕಂಪನಿಯಿಂದ ಬಂದಿರುವುದು 17 ಇಂಚಿನ, 7 ಇಂಚು ಅಗಲದ ರಿಮ್, ಅದರ ಮೇಲೆ 205/45 ಆರ್17 ಟೈರ್. ಇಲ್ಲಿ 205 ಅಂದರೆ ಟೈರಿನ ಅಗಲ ಮಿ.ಮೀ.ನಲ್ಲಿ, 45 ಅಂದರೆ ಅದರ ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡಾ ಎಷ್ಟು ಅಂತ, 17 ಅಂದರೆ ರಿಮ್ಮಿನ ವ್ಯಾಸ ಇಂಚಿನಲ್ಲಿ. ತಿರುವಿನಿಂದ ಹೊರಬರುವಾಗ ಎರಡನೇ ಗೇರಿನಲ್ಲೇ ಮುಂದಿನ ಚಕ್ರ ಜಾರಿ ತಿರುಗುತ್ತದೆ, ರಿಮ್ ಬದಲಿಸಲು ಮನಸ್ಸಿಲ್ಲ, 225 ಹಾಕಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ನನ್ನ ಕಾರಿಗೂ ಇದೇ ಅಳತೆ ಬಂದಿತ್ತು. ಈಗ ಅದೇ ರಿಮ್ ಮೇಲೆ 215/45 ಹಾಕಿ ಓಡಿಸುತ್ತಿದ್ದೇನೆ, ಖುಷಿಯಾಗಿದ್ದೇನೆ. ಆ ಖುಷಿಯ ದೊಡ್ಡ ಪಾಲು ಅಗಲದಿಂದ ಬಂದದ್ದಲ್ಲ, ರಬ್ಬರಿನಿಂದ ಬಂದದ್ದು. ಅದನ್ನು ಕೆಳಗೆ ಹೇಳುತ್ತೇನೆ.

ಮೊದಲು ರಿಮ್ಮಿನ ಅಗಲ ನೀವೇ ಖಚಿತ ಮಾಡಿಕೊಳ್ಳಿ. ಚಕ್ರ ಬಿಚ್ಚಿ ಹಿಂಭಾಗ ನೋಡಿದರೆ 7ಜೆ×17 ಅಂತ ಅಚ್ಚು ಇರುತ್ತದೆ, ಪಕ್ಕದಲ್ಲೇ ಇಟಿ ಅಂತ ಒಂದು ಸಂಖ್ಯೆ, ಅದು ಆಫ್‌ಸೆಟ್, ಅಂದರೆ ರಿಮ್ಮಿನ ನಡುಗೆರೆಯಿಂದ ಹಬ್‌ಗೆ ಕೂರುವ ಮುಖ ಎಷ್ಟು ಮಿ.ಮೀ. ದೂರ ಇದೆ ಅಂತ. ಟೇಪ್ ಹಿಡಿದು ಅಳೆಯಲು ಹೋಗಬೇಡಿ. 7 ಇಂಚು, ಅಂದರೆ ಸುಮಾರು 178 ಮಿ.ಮೀ., ಟೈರಿನ ಬೀಡ್ (ರಿಮ್ಮಿಗೆ ಕಚ್ಚಿ ಕೂರುವ ಒಳ ಅಂಚು) ಕೂರುವ ಎರಡು ಜಾಗಗಳ ನಡುವಿನ ಅಳತೆ. ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದರೆ ಒಂದು ಇಂಚಿನಷ್ಟು ಜಾಸ್ತಿಯೇ ಬರುತ್ತದೆ, ಆಮೇಲೆ ನನ್ನದು 8 ಇಂಚಿನ ರಿಮ್ ಅಂದುಕೊಂಡು ಟೈರ್ ಕೊಂಡುಬಿಡುತ್ತಾರೆ.

ಪ್ರತಿ ಟೈರ್ ಅಳತೆಗೂ ಎಷ್ಟರಿಂದ ಎಷ್ಟು ಅಗಲದ ರಿಮ್ ಆಗುತ್ತದೆ ಅಂತ ಟೈರ್ ತಯಾರಕರು ಪಟ್ಟಿ ಕೊಡುತ್ತಾರೆ. 205/45 ಆರ್17ಗೆ 6.5ರಿಂದ 7.5 ಇಂಚು. 215/45ಕ್ಕೆ 7ರಿಂದ 8. 225/45ಕ್ಕೆ 7ರಿಂದ 8.5. ಹಾಗಾಗಿ 225/45 ನಿಮ್ಮ ರಿಮ್ ಮೇಲೆ ಕೂರುತ್ತದೆ, ಆದರೆ ಪಟ್ಟಿಯ ತೀರಾ ಅಂಚಿನಲ್ಲಿ. 225/40 ಅಂತೂ 7.5ರಿಂದ ಶುರು, ಅದು ನಿಮಗೆ ಬೇಡವೇ ಬೇಡ. 215/45ರ ವಿಷಯದಲ್ಲಿ ಒಂದು ಒಳ್ಳೆಯ ಸಂಗತಿ ಇದೆ. ಆ ಟೈರಿನ ಅಧಿಕೃತ ಅಗಲವನ್ನು ಅಳೆಯುವುದೇ 7 ಇಂಚಿನ ರಿಮ್ ಮೇಲೆ ಕೂರಿಸಿ. ಅಂದರೆ ನಿಮ್ಮ ರಿಮ್ ಮೇಲೆ ಅದು ಇರಬೇಕಾದ ಆಕಾರದಲ್ಲೇ ಇರುತ್ತದೆ.

ಆಕಾರದ ಬಗ್ಗೆ ಇಷ್ಟು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಅಗಲದ ಟೈರನ್ನು ಕಿರಿದಾದ ರಿಮ್ ಮೇಲೆ ಕೂರಿಸಿದಾಗ ಎರಡೂ ಬೀಡ್ ಒಳಕ್ಕೆ ಸರಿಯುತ್ತವೆ. ಚೀಲದ ಬಾಯಿ ಬಿಗಿದು ಕಟ್ಟಿದರೆ ಹೊಟ್ಟೆ ಉಬ್ಬುವ ಹಾಗೆ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಹೊರಗೆ ಉಬ್ಬುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ರಿಮ್ ಮೊದಲು ಪಕ್ಕಕ್ಕೆ ಸರಿಯುತ್ತದೆ, ಸೈಡ್‌ವಾಲ್ ಬಾಗುತ್ತದೆ, ಆಮೇಲೆ ಟ್ರೆಡ್ (ನೆಲ ಮುಟ್ಟುವ ಭಾಗ) ಹಿಂಬಾಲಿಸುತ್ತದೆ. ಹಾಟ್ ಹ್ಯಾಚ್ ಕೊಂಡವರಿಗೆ ಬೇಕಾದದ್ದು ಸ್ಟೀರಿಂಗ್ ಮುಟ್ಟಿದ ಕೂಡಲೇ ಮೂತಿ ತಿರುಗುವುದು, ಅಲ್ವಾ? ಅದನ್ನೇ ಕಳೆದುಕೊಂಡು ದೊಡ್ಡ ಸಂಖ್ಯೆ ಬರೆದ ಸೈಜ್ ಇಟ್ಟುಕೊಂಡು ಏನು ಮಾಡುವುದು. ಟ್ರೆಡ್ ಕೂಡ ನಡುವೆ ಸ್ವಲ್ಪ ಉಬ್ಬಿಕೊಳ್ಳುವುದರಿಂದ ನಡುಭಾಗ ಬೇಗ ಸವೆಯುತ್ತದೆ. ಸಿಗುವ ಅಗಲವೂ ಪೂರ್ತಿ ಸಿಗುವುದಿಲ್ಲ. ರಿಮ್ ಅರ್ಧ ಇಂಚು ಕಿರಿದಾದರೆ ಟೈರಿನ ಅಗಲ ಸುಮಾರು 5 ಮಿ.ಮೀ. ಕಡಿಮೆಯಾಗುತ್ತದೆ. 225/45ನ್ನು ಅಳೆಯುವುದು 7.5 ಇಂಚಿನ ರಿಮ್ ಮೇಲೆ, ಹಾಗಾಗಿ ನಿಮ್ಮಲ್ಲಿ ಅದು 220ರ ಆಸುಪಾಸು ನಿಲ್ಲುತ್ತದೆ.

ಇನ್ನು ಎತ್ತರ. 205/45ರ ವ್ಯಾಸ 616 ಮಿ.ಮೀ., 215/45ರದು 625, 225/45ರದು 634. 205ಕ್ಕಿಂತ 215 ಒಂದೂವರೆ ಶೇಕಡಾ ಜಾಸ್ತಿ, ಅದು ನಡೆಯುತ್ತದೆ. 225 ಹೆಚ್ಚುಕಡಿಮೆ 3 ಶೇಕಡಾ ಜಾಸ್ತಿ. ಗೇರಿಂಗ್ ಅಷ್ಟೇ ಉದ್ದವಾಗುತ್ತದೆ (ಚಕ್ರದ ಒಂದು ಸುತ್ತಿಗೆ ಕಾರು ಜಾಸ್ತಿ ದೂರ ಹೋಗುತ್ತದೆ), ಎಳೆತ ಅಷ್ಟೇ ಮಂದವಾಗುತ್ತದೆ, ಮೀಟರ್ ಮುಂಚೆ 100 ತೋರಿಸುತ್ತಿದ್ದ ವೇಗದಲ್ಲಿ ಈಗ 97 ತೋರಿಸುತ್ತದೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಅದಕ್ಕೇ ಕಂಪನಿಗಳು ಸ್ವಲ್ಪ ಜಾಸ್ತಿ ತೋರಿಸುವಂತೆ ಇಟ್ಟಿರುತ್ತವೆ, ದೊಡ್ಡ ಟೈರ್ ಹಾಕಿದರೆ ಆ ಅಂತರವನ್ನು ತಿಂದುಬಿಡುತ್ತೀರಿ.

ಜಾಗ ಇದೆಯಾ ಅಂತ ನೋಡುವುದು ಸುಲಭ. ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ ಒಳಗೆ ಕೈ ಹಾಕಿ, ಟೈರಿನ ಒಳಗೋಡೆ ಮತ್ತು ಸ್ಟ್ರಟ್ (ಸ್ಪ್ರಿಂಗ್ ಹೊತ್ತ ಸಸ್ಪೆನ್ಶನ್ ಕಂಬ) ನಡುವೆ ದಪ್ಪ ಗೊತ್ತಿರುವ ಆಲನ್ ಕೀ (ಆರು ಮೂಲೆಯ ಸಣ್ಣ ಸರಳು) ತೂರಿಸಿ ನೋಡಿ. ಉದಾಹರಣೆಗೆ, ಈಗಿನ 205ರಲ್ಲಿ 10 ಮಿ.ಮೀ. ಕೀ ಸರಾಗವಾಗಿ ಹೋಗುತ್ತದೆ ಅಂದುಕೊಳ್ಳಿ. 215 ಹಾಕಿದರೆ ಪ್ರತಿ ಬದಿಗೆ ಮೂರೂವರೆ ಮಿ.ಮೀ. ಹೋಗುತ್ತದೆ, ಆರು ಉಳಿಯುತ್ತದೆ, ಸಾಕು. 225 ಹಾಕಿದರೆ ಏಳು ಹೋಗುತ್ತದೆ, ಉಳಿಯುವುದು ಮೂರು, ಒಂದು ಸಣ್ಣ ಕಲ್ಲು ಸಿಕ್ಕಿಕೊಂಡರೆ ಸೈಡ್‌ವಾಲ್ ಕೊರೆಯಲು ಅಷ್ಟು ಸಾಕು. ಕೆಲವು ಕಾರುಗಳಲ್ಲಿ ಸ್ಪ್ರಿಂಗ್ ಕೂರುವ ತಟ್ಟೆ ಟೈರಿನ ನೆತ್ತಿಯ ಮೇಲೇ ಚಾಚಿಕೊಂಡಿರುತ್ತದೆ. ಅಲ್ಲಿ ಅಗಲಕ್ಕಿಂತ ಎತ್ತರವೇ ತೊಂದರೆ, ಯಾಕೆಂದರೆ 225/45ರಲ್ಲಿ ನೆತ್ತಿ 9 ಮಿ.ಮೀ. ಮೇಲೆ ಬರುತ್ತದೆ. ಸ್ಟ್ರಟ್ ಚಕ್ರದ ಜೊತೆಗೇ ಮೇಲೆ ಕೆಳಗೆ ಹೋಗುವುದರಿಂದ ಈ ಅಂತರ ನಿಂತಲ್ಲಿ ಅಳೆದರೂ ಸರಿಯೇ. ಫೆಂಡರ್ ಒಳಗಿನ ಲೈನರ್ ಹಾಗಲ್ಲ. ಕಾರಲ್ಲಿ ನಾಲ್ಕು ಜನ ಕೂತಾಗ, ಗುಂಡಿಗೆ ಇಳಿದಾಗ, ಪೂರ್ತಿ ತಿರುಗಿಸಿದಾಗ ಎಲ್ಲವೂ ಬದಲಾಗುತ್ತದೆ. ಈಗಿನ ಟೈರಿಗೇ ಲೈನರ್‌ನಲ್ಲಿ ಎಲ್ಲಾದರೂ ಉಜ್ಜಿ ನಯವಾಗಿ ಹೊಳೆಯುವ ಜಾಗ ಕಂಡರೆ, ದೊಡ್ಡ ಟೈರಿನ ಆಸೆ ಅಲ್ಲಿಗೇ ಬಿಡಿ.

ಎಲ್ಲರೂ ತಪ್ಪುವ ಒಂದು ಜಾಗ ಲೋಡ್ ಇಂಡೆಕ್ಸ್, ಅಂದರೆ ಟೈರ್ ಎಷ್ಟು ಭಾರ ಹೊರುತ್ತದೆ ಅಂತ ಹೇಳುವ ಸಂಕೇತ ಸಂಖ್ಯೆ. ನಿಮ್ಮ 205/45 ಟೈರಿನ ಮೇಲೆ 88 ಅಂತ ಇದ್ದರೆ ಒಂದು ಟೈರ್ 560 ಕೆ.ಜಿ. ಹೊರುತ್ತದೆ. 215/45 ಎರಡು ಬಗೆಯಲ್ಲಿ ಬರುತ್ತದೆ, ಮಾಮೂಲಿ 87 ಮತ್ತು ಎಕ್ಸ್‌ಎಲ್ (ಹೆಚ್ಚು ಭಾರ ಹೊರುವಂತೆ ಗಟ್ಟಿ ಮಾಡಿದ್ದು) 91. 87 ಅಂದರೆ 545 ಕೆ.ಜಿ. ಅಷ್ಟೇ. ಅಗಲದ ಟೈರ್ ಕೊಂಡೆ ಅಂತ ಬೀಗುವಾಗಲೇ ಹೊರುವ ಶಕ್ತಿ ಕಡಿಮೆಯಾಗಿರುತ್ತದೆ. 91 ಎಕ್ಸ್‌ಎಲ್ ಕೇಳಿ ತೆಗೆದುಕೊಳ್ಳಿ, ಅದು 615 ಕೆ.ಜಿ. ಹೊರುತ್ತದೆ. ಆ ಸಂಖ್ಯೆಯ ಪಕ್ಕದಲ್ಲಿ ಟೈರಿನ ಗರಿಷ್ಠ ವೇಗ ಹೇಳುವ ಅಕ್ಷರವೂ ಹಳೆಯದಕ್ಕಿಂತ ಕೆಳಗಿರಬಾರದು.

ಈಗ ಮುಖ್ಯ ಮಾತು. ಅಗಲ ಮಾಡಿದರೆ ನೆಲ ಮುಟ್ಟುವ ರಬ್ಬರ್ ಅಷ್ಟೇ ಜಾಸ್ತಿಯಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಆ ಜಾಗದ ಒಟ್ಟು ಅಳತೆ ಮುಖ್ಯವಾಗಿ ಚಕ್ರದ ಮೇಲಿನ ಭಾರ ಮತ್ತು ಗಾಳಿಯ ಒತ್ತಡದ ಮೇಲೆ ನಿಂತಿದೆ. ಮುಂದಿನ ಒಂದು ಚಕ್ರದ ಮೇಲೆ 360 ಕೆ.ಜಿ., ಒಳಗೆ 2.3 ಬಾರ್ ಗಾಳಿ ಇದ್ದರೆ ಹತ್ತಿರ ಹತ್ತಿರ 150 ಚದರ ಸೆಂ.ಮೀ., 205 ಆದರೂ ಅಷ್ಟೇ, 225 ಆದರೂ ಅಷ್ಟೇ. ಆಕಾರ ಮಾತ್ರ ಅಡ್ಡಕ್ಕೆ ಅಗಲ, ಉದ್ದಕ್ಕೆ ಮೋಟು ಆಗುತ್ತದೆ. ಅಡ್ಡ ಅಗಲವಾದಾಗ ತಿರುವಿನಲ್ಲಿ ಒಂದಿಷ್ಟು ಲಾಭ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಿಂತ ನೀರಿನ ಮೇಲೆ ಅದೇ ಆಕಾರ ಬೇಗ ತೇಲುತ್ತದೆ. ನಿಮ್ಮ ಮುಂದಿನ ಚಕ್ರ ಜಾರುವುದಕ್ಕೆ ಮದ್ದು ರಬ್ಬರಿನ ಕಾಂಪೌಂಡ್, ಅಂದರೆ ಅದರ ಮಿಶ್ರಣ. ಈಗ ನಿಮ್ಮ ಕಾರಿನಲ್ಲಿ ಮೈಲೇಜಿಗಾಗಿ ಮಾಡಿದ ಗಟ್ಟಿ ಟೈರ್ ಇದ್ದರೆ ಅದೇ 205/45ರಲ್ಲಿ ಮಿಶೆಲಿನ್ ಪೈಲಟ್ ಸ್ಪೋರ್ಟ್ ಅಥವಾ ಕಾಂಟಿನೆಂಟಲ್ ಸ್ಪೋರ್ಟ್‌ಕಾಂಟ್ಯಾಕ್ಟ್ ಥರದ ಟೈರ್ ಹಾಕಿ ನೋಡಿ, ಬ್ರೇಕ್ ಒತ್ತಿದ ಮೊದಲ ಸಲವೇ ವ್ಯತ್ಯಾಸ ಗೊತ್ತಾಗುತ್ತದೆ. ಸಾಧಾರಣ 225ಕ್ಕಿಂತ ಒಳ್ಳೆಯ 205 ಯಾವತ್ತೂ ಮೇಲು. ನಿಮಗೆ ಬೇಕಾದ ಮಾಡೆಲ್ 215/45ರಲ್ಲಿ ಸಿಕ್ಕಿದರೆ ಮತ್ತು ಆಲನ್ ಕೀ ಒಪ್ಪಿದರೆ ಅದನ್ನೇ ತೆಗೆದುಕೊಳ್ಳಿ, ನಾನೂ ಅದನ್ನೇ ಮಾಡಿದ್ದು.

ನಾಲ್ಕೂ ಒಟ್ಟಿಗೆ ಬದಲಿಸಿ. ಮುಂದೆ ಒಂದು ವ್ಯಾಸ, ಹಿಂದೆ ಒಂದು ವ್ಯಾಸ ಆದರೆ ಎಬಿಎಸ್ (ಬ್ರೇಕಿನಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವುದು) ಮತ್ತು ಇಎಸ್‌ಪಿಗೆ (ಕಾರು ಅಡ್ಡ ಜಾರದಂತೆ ತಡೆಯುವುದು) ಚಕ್ರಗಳ ವೇಗ ಹೊಂದುವುದಿಲ್ಲ. ಇನ್ಶೂರೆನ್ಸ್‌ನವರಿಗೆ ಮೊದಲೇ ತಿಳಿಸಿ, ಕಾರಿನ ಪುಸ್ತಕದಲ್ಲಿಲ್ಲದ ಅಳತೆ ಹಾಕಿದರೆ ಕ್ಲೇಮ್ ಹೊತ್ತಿನಲ್ಲಿ ತಕರಾರು ಬರಬಹುದು. ಗಾಳಿಯನ್ನು ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿರುವಷ್ಟೇ ತುಂಬಿ ಶುರು ಮಾಡಿ, ಟೈರ್ ಪ್ರೆಶರ್ ಎಚ್ಚರಿಕೆ ರೀಸೆಟ್ ಮಾಡಿ, ಅಲೈನ್‌ಮೆಂಟ್ ಮಾಡಿಸಿ. ಮೊದಲ ಕೆಲವು ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಟಾರ್ಚ್ ಹಿಡಿದು ಒಳಗೋಡೆ ಮತ್ತು ಲೈನರ್ ಎರಡನ್ನೂ ನೋಡಿ.