ಇಂಗ್ಲಿಷ್ ಪಿರಿಯಡ್‌ನಲ್ಲಿ ಮಕ್ಕಳು ಬಾಯೇ ಬಿಡಲ್ಲ, ಕನ್ನಡ ಮಾತಾಡಿದರೆ ದಂಡ ಹಾಕಬಹುದಾ?

ಬೇಡ ಮೇಡಂ. ಸರ್ಕಾರಿ ಶಾಲೆ, ಎಂಟನೇ ತರಗತಿ, 42 ಮಕ್ಕಳು, ಕೇಳಿದ್ದಕ್ಕೆಲ್ಲ ಮೌನ: ಮಂಡ್ಯ ತಾಲ್ಲೂಕಿನಲ್ಲಿ ನಾನೂ ಇದೇ ಒದ್ದಾಟ ಒದ್ದಾಡಿದವನು. ದಂಡ ಹಾಕಿದರೆ ಕನ್ನಡ ನಿಲ್ಲುತ್ತೆ, ಇಂಗ್ಲಿಷ್ ಶುರುವಾಗಲ್ಲ. ಬಾಯಿ ಕಟ್ಟಿರೋದು ಮಕ್ಕಳದ್ದಲ್ಲ, ನಾವೇ ಕಟ್ಟಿರ್ತೀವಿ.

ನನ್ನ ತರಗತಿ ಕೆಡಿಸಿದ್ದು ಒಂದೇ ಚಟ. ಮಗು ಹೇಳಿದ ಉತ್ತರವನ್ನು ನಾನು ಗಟ್ಟಿಯಾಗಿ ಮತ್ತೆ ಹೇಳೋದು. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ ‘ಹಿ ವೆಂಟ್ ಟು ಮಾರ್ಕೆಟ್’ ಅಂದರೆ, ಹಿಂದಿನವರಿಗೂ ಕೇಳಲಿ ಅಂತ ನಾನು ‘ಯೆಸ್, ಹಿ ವೆಂಟ್ ಟು ದ ಮಾರ್ಕೆಟ್’ ಅಂತ ಕೂಗ್ತಿದ್ದೆ. ಉಪಕಾರ ಅಂದುಕೊಂಡಿದ್ದೆ. ಆದರೆ ಆಗ್ತಿದ್ದದ್ದು ಏನು? ದನಿ ಎತ್ತಬೇಕಿಲ್ಲ, ಸರ್ ಹೇಳ್ತಾರೆ ಅಂತ ಅವಳು ಕಲಿತಳು. ಅವಳ ಮಾತು ಕೇಳಬೇಕಿಲ್ಲ, ಸರ್ ಹೇಳಿದಾಗ ಕೇಳಿದರಾಯ್ತು ಅಂತ ಹಿಂದಿನ ಬೆಂಚು ಕಲಿತಿತು. ನಾನು ಸೇರಿಸಿದ ‘ದ’ ಯಾರ ಕಿವಿಗೂ ಬೀಳಲಿಲ್ಲ. ಆಮೇಲೆ ತರಗತಿಯೆಲ್ಲ ಸೇರಿ ಅದನ್ನೇ ಭಜನೆಯ ಹಾಗೆ ಹೇಳೋದು, ನಾನದನ್ನ ಮಾತು ಅಂತ ಲೆಕ್ಕ ಹಿಡಿಯೋದು. ಒಂದು ದಿನ ಮೊಬೈಲಿನಲ್ಲಿ ಪಿರಿಯಡ್ ಪೂರ್ತಿ ರೆಕಾರ್ಡ್ ಮಾಡಿ ಕೇಳಿದೆ. ಬರೀ ನನ್ನದೇ ದನಿ.

ಬಿಡೋದು ಹೀಗೆ: ಮಗು ಉತ್ತರ ಹೇಳುವಾಗ ಅದರ ಹತ್ತಿರ ಹೋಗಬೇಡಿ, ಎದುರು ಮೂಲೆಗೆ ಹೋಗಿ ನಿಲ್ಲಿ. ಹತ್ತಿರ ಹೋದಷ್ಟೂ ದನಿ ಇಳಿಯುತ್ತೆ. ಉತ್ತರ ಬಂದ ಮೇಲೆ ಇನ್ನೊಂದು ಮಗುವನ್ನು ‘ವಾಟ್ ಡಿಡ್ ಶಿ ಸೇ?’ ಅಂತ ಕೇಳಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ನಾವು ಸಾಮಾನ್ಯವಾಗಿ ಒಂದು ಸೆಕೆಂಡೂ ಕಾಯಲ್ಲ. ಮೂರು ಸೆಕೆಂಡ್ ಕಾದರೇ ಉತ್ತರ ಉದ್ದವಾಗುತ್ತೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಅವರು ನೋಡಿದ್ದು ವಿಜ್ಞಾನದ ತರಗತಿ, ನಮಗೂ ಅದೇ ನಿಜ.

ಇನ್ನು ಲೆಕ್ಕ. 40 ನಿಮಿಷದ ಪಿರಿಯಡ್‌ನಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿದರೆ ತಲೆಗೆ ಒಂದು ನಿಮಿಷವೂ ಸಿಗಲ್ಲ. 21 ಜೋಡಿ ಮಾಡಿ ಮೂರು ನಿಮಿಷ ಬಿಟ್ಟರೆ ಪ್ರತಿಯೊಬ್ಬರಿಗೂ ಒಂದೂವರೆ ನಿಮಿಷ.

ವಿಷಯ ಮಕ್ಕಳಿಗೆ ನಿಮಗಿಂತ ಚೆನ್ನಾಗಿ ಗೊತ್ತಿರೋದೇ ಇರಲಿ. ನಮ್ಮ ಕಡೆ ಆಲೆಮನೆ ಇದೆಯಲ್ಲ, ಬೆಲ್ಲ ಮಾಡೋದನ್ನ ಹೇಳಿಸಿ. ಬೋರ್ಡಿನ ಮೇಲೆ ‘ಫಸ್ಟ್ ದೇ…’, ‘ದೆನ್ ದೇ…’, ‘ಆಫ್ಟರ್ ದಟ್…’ ಅಂತ ಮೂರು ಸಾಲಿನ ಮೊದಲು ಮಾತ್ರ ಬರೆಯಿರಿ. ಪಕ್ಕದಲ್ಲಿ ಕ್ರಷ್, ಬಾಯಿಲ್, ಪೋರ್. ಒಂದು ನಿಮಿಷ ಕನ್ನಡದಲ್ಲೇ ಮಾತಾಡಿಕೊಳ್ಳಲಿ, ಹೇಳಬೇಕಾದದ್ದು ಆಗಲೇ ಒಟ್ಟಾಗೋದು. ಆಮೇಲೆ ಇಂಗ್ಲಿಷ್. ‘ದೆನ್ ದೇ ಬಾಯಿಲ್ ದ ಜ್ಯೂಸ್ ಇನ್ ಕೊಪ್ಪರಿಗೆ’ ಅಂದರೆ ಖುಷಿಪಡಿ, ಕೊಪ್ಪರಿಗೆಗೆ ಇಂಗ್ಲಿಷ್ ಹುಡುಕೋಕೆ ನಿಲ್ಲಿಸಬೇಡಿ. ನಡುವೆ ತಿದ್ದಲೇಬೇಡಿ. ಓಡಾಡ್ತಾ ಮೂರು ತಪ್ಪು ಬರೆದಿಟ್ಟುಕೊಂಡು, ಹೆಸರು ಹೇಳದೆ ಕೊನೆಗೆ ಬೋರ್ಡಿಗೆ ಹಾಕಿ.

ಕೆಡೋದು ಒಂದು ಕಡೆ: ಜೋರಿನವನೇ ಎಲ್ಲ ಮಾತಾಡಿಬಿಡ್ತಾನೆ. ಪ್ರತಿಯೊಬ್ಬರಿಗೂ ಮೂರು ಹುಣಸೆಬೀಜ ಕೊಡಿ. ಒಂದು ವಾಕ್ಯಕ್ಕೆ ಒಂದು ಬೀಜ ಬೆಂಚಿನ ನಡುವೆ ಇಡಬೇಕು. ತನ್ನದು ಮುಗಿದವನು ಜೊತೆಗಾರನದು ಮುಗಿಯೋವರೆಗೂ ಸುಮ್ಮನೆ ಕೇಳಬೇಕು. ಗದ್ದಲ ಆಗುತ್ತೆ, ಹೆಡ್‌ಮಾಸ್ಟರಿಗೆ ಮೊದಲೇ ಒಂದು ಮಾತು ಹೇಳಿಡಿ.

ಬೀಜ ಮಾತ್ರ ಬೆಲ್ ಹೊಡೆಯೋಕೆ ಮುಂಚೆ ಎಣಿಸಿ ವಾಪಸ್ ತಗೊಳ್ಳಿ. ಇಲ್ಲಾಂದ್ರೆ ಮುಂದಿನ ಗಣಿತದ ಪಿರಿಯಡ್‌ನಲ್ಲಿ ಹಿಂದಿನ ಬೆಂಚಿನವರು ಚೌಕಾಬಾರ ಶುರು ಮಾಡ್ತಾರೆ.