ಕುದುರೆ, ಬಂದೂಕು ಇಲ್ಲದ ಕಾಲದಲ್ಲಿ ಉತ್ತರ ಅಮೆರಿಕದ ಬಯಲಿನ ಜನ ಬೈಸನ್ (ಅಲ್ಲಿನ ದೊಡ್ಡ ಕಾಡುದನ) ಹಿಂಡನ್ನು ಹೇಗೆ ಬೇಟೆಯಾಡುತ್ತಿದ್ದರು?

ಹಿಂಡನ್ನೇ ಕಡಿದಾದ ಬಂಡೆಯ ಅಂಚಿನವರೆಗೆ ಓಡಿಸಿ ಕೆಳಗೆ ಬೀಳಿಸುತ್ತಿದ್ದರು. ಕೆನಡಾದ ಆಲ್ಬರ್ಟಾದಲ್ಲಿರುವ ಹೆಡ್-ಸ್ಮ್ಯಾಶ್ಡ್-ಇನ್ ಎಂಬ ಜಾಗದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಬ್ಲ್ಯಾಕ್‌ಫುಟ್ ಜನ ಮತ್ತು ಅವರಿಗಿಂತ ಹಿಂದಿನವರು ಸುಮಾರು 6,000 ವರ್ಷಗಳ ಕಾಲ ಹೀಗೆ ಬೇಟೆಯಾಡುತ್ತಿದ್ದರು.

ಸುಮ್ನೆ ಕೂಗಿ ಅಟ್ಟಿದರೆ ಆಗುವ ಕೆಲಸ ಅಲ್ಲ ಇದು. ಬೈಸನ್‌ಗೆ ಮೂಗು ಚುರುಕು, ಕಣ್ಣು ಅಷ್ಟಕ್ಕಷ್ಟೆ. ಹಾಗಾಗಿ ಗಾಳಿಯ ದಿಕ್ಕು ನೋಡಿಕೊಂಡೇ ಶುರು ಮಾಡಬೇಕು. ಮೇಲಿನ ಹುಲ್ಲುಗಾವಲಿನಿಂದ ಅಂಚಿನ ಕಡೆಗೆ ಎರಡು ಸಾಲು ಸಣ್ಣ ಕಲ್ಲುಗುಡ್ಡೆಗಳು, ಲಾಳಿಕೆಯಂತೆ ಕಿರಿದಾಗುತ್ತಾ ಬರುತ್ತವೆ. ಕರುವಿನ ಚರ್ಮ ಹೊದ್ದ ಓಟಗಾರರು ತಪ್ಪಿಸಿಕೊಂಡ ಕರುವಿನಂತೆ ನಟಿಸಿ ಹಿಂಡನ್ನು ಈ ಸಾಲುಗಳ ನಡುವೆ ಸೆಳೆಯುತ್ತಿದ್ದರು. ಒಳಗೆ ಬಂದ ಮೇಲೆ ಹಿಂದಿನಿಂದ ಗದ್ದಲ, ಚರ್ಮ ಬೀಸಿ ಬೆದರಿಸುವುದು. ಹಿಂಡು ದಿಕ್ಕೆಟ್ಟು ಓಡುತ್ತದೆ. ಅಸಲಿ ಗುಟ್ಟು ಇಲ್ಲಿದೆ: ಮುಂದಿನವಕ್ಕೆ ಅಂಚು ಕಂಡರೂ ನಿಲ್ಲಲಾಗದು, ಹಿಂದಿನವು ತಳ್ಳುತ್ತಲೇ ಇರುತ್ತವೆ.

ಕೆಳಗೆ ಕೆಲಸ ಇನ್ನೂ ಜಾಸ್ತಿ. ಬಿದ್ದವನ್ನು ಕೊಂದು, ಕೊಯ್ದು, ಚರ್ಮ ಹಾಸಿದ ಗುಂಡಿಯ ನೀರಿಗೆ ಕಾದ ಕಲ್ಲು ಹಾಕಿ ಮೂಳೆಯ ಕೊಬ್ಬು ತೆಗೆಯುತ್ತಿದ್ದರು. ಒಣಗಿಸಿ ಪುಡಿ ಮಾಡಿದ ಮಾಂಸಕ್ಕೆ ಕೊಬ್ಬು, ಕೆಲವೊಮ್ಮೆ ಕಾಡುಹಣ್ಣು ಬೆರೆಸಿದರೆ ಪೆಮಿಕನ್. ಚಳಿಗಾಲಕ್ಕೆ ಅದೇ ಬುತ್ತಿ. ಹೆಡ್-ಸ್ಮ್ಯಾಶ್ಡ್-ಇನ್‌ನ ಬಂಡೆಯ ಬುಡದಲ್ಲಿ ಮೂಳೆ, ಬಾಣದ ಮೊನೆಗಳ ಪದರ ಇಂದಿಗೂ ಸುಮಾರು 10 ಮೀಟರ್ ಆಳವಿದೆ.