ಅಜ್ಜನ ರಿವಾಲ್ವರಿಗೆ ಬಣ್ಣ ಕೂರಿಸಲು ಹೋಗಿ

ಪ್ರಶ್ನೆ: ಅಜ್ಜನ ಕಾಲದ .32 ಬೋರಿನ ರಿವಾಲ್ವರ್ ನಮ್ಮ ಮನೆಯಲ್ಲಿದೆ; ಅಪ್ಪನ ನಂತರ ಪರವಾನಗಿ ನನ್ನ ಹೆಸರಿಗೆ ಆಗಿದೆ. ಪ್ರತಿ ವರ್ಷ ಆಯುಧಪೂಜೆಯಲ್ಲಿ ಗಂಧ, ಕುಂಕುಮ ಹಚ್ಚುವ ಜಾಗದಲ್ಲೇ ಕಂದು ಚುಕ್ಕೆಗಳು ಎದ್ದಿದ್ದವು. ಎಮರಿ ಕಾಗದದಿಂದ ಉಜ್ಜಿ, ವಿನೆಗರಿನಲ್ಲಿ ನೆನೆಸಿ, ಬಾಟಲಿಯಲ್ಲಿ ಸಿಗುವ, ಉಕ್ಕಿಗೆ ನೀಲಿಗಪ್ಪು ಬಣ್ಣ ಕೂರಿಸುವ ಬ್ಲೂಯಿಂಗ್ ದ್ರಾವಣವನ್ನು ಹತ್ತಿಯಿಂದ ಹಚ್ಚಿದೆ. ಬೂದುಬಣ್ಣದ ಮಚ್ಚೆಗಳು ಮೂಡಿದವು. ಬೆಳಗಾಗುವಷ್ಟರಲ್ಲಿ ನಳಿಗೆಯೆಲ್ಲ ಕೆಂಪಗಾಗಿತ್ತು. ಪಕ್ಕದಲ್ಲಿರುವ ರಿವಾಲ್ವರಿನ ಗುರುತಿನ ಸಂಖ್ಯೆಯ ಅಂಕಿಗಳೂ ಮಸುಕಾಗಿವೆ. ಮತ್ತೆ ಉಜ್ಜಿ ಹಚ್ಚಲೇ?
– ಓದುಗರೊಬ್ಬರು, ಸಂಡೂರು

ಉತ್ತರ: ದಯವಿಟ್ಟು ಮತ್ತೆ ಉಜ್ಜಬೇಡಿ. ಮೊದಲು ಸಿಲಿಂಡರಿನಲ್ಲಿ ಗುಂಡುಗಳಿಲ್ಲವೆಂದು ಖಚಿತಪಡಿಸಿಕೊಂಡು, ಮೆತ್ತನೆಯ ಬಟ್ಟೆಯಿಂದ ತೆಳುವಾಗಿ ಬಂದೂಕಿನ ಎಣ್ಣೆ ಸವರಿ ಹಾಗೆಯೇ ಬಿಡಿ.

ಸಂಡೂರಿನವರಾದ ನಿಮಗೆ ಇದನ್ನು ವಿವರಿಸುವುದು ಸುಲಭ. ನಿಮ್ಮ ರಸ್ತೆಬದಿಯ ಮರಗಳ ಎಲೆಯ ಮೇಲೆ ಕೂರುವ ಕೆಂಧೂಳು ಹೆಮಟೈಟ್ ಎಂಬ ಕಬ್ಬಿಣದ ಅದಿರಿನದು. ನಳಿಗೆಯ ಮೇಲೆ ಎದ್ದ ತುಕ್ಕು ಅದರ ಹತ್ತಿರದ ಬಂಧು. ಅಜ್ಜನ ರಿವಾಲ್ವರಿನ ಮೇಲಿದ್ದ ನೀಲಿಗಪ್ಪು ಹೊಳಪೂ ಬಹುಮಟ್ಟಿಗೆ ಕಬ್ಬಿಣದ ಆಕ್ಸೈಡೇ ಆದರೂ ಅದು ಮ್ಯಾಗ್ನೆಟೈಟ್ ಜಾತಿಯದು, ಉಕ್ಕಿನ ಮೈಗೆ ಗಟ್ಟಿಯಾಗಿ ಅಂಟಿಕೊಂಡು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದನ್ನು ಪಡೆಯಲು ಕುಶಲಕರ್ಮಿಗಳು ಉಕ್ಕಿಗೆ ಬೇಕೆಂದೇ ಹದವಾಗಿ ತುಕ್ಕು ಹಿಡಿಸಿ, ಕುದಿಯುವ ನೀರಿನಲ್ಲಿ ಮುಳುಗಿಸಿ ಅದನ್ನು ಕಪ್ಪಾಗಿಸಿ, ಸಡಿಲ ಪುಡಿಯನ್ನು ಬ್ರಷ್ಷಿನಿಂದ ತೆಗೆದು, ಇದನ್ನೇ ಹಲವು ಸಲ ಮಾಡುತ್ತಾರೆ. ಕಾರ್ಖಾನೆಗಳಲ್ಲಾದರೆ ಸುಮಾರು 140 ಡಿಗ್ರಿ ಸೆಲ್ಸಿಯಸ್ ಕಾಯಿಸಿದ ಕ್ಷಾರದ ತೊಟ್ಟಿಯಲ್ಲಿ ಅದ್ದುತ್ತಾರೆ, ಅದು ಮನೆಯಲ್ಲಿ ಮಾಡುವಂಥದ್ದಲ್ಲ. ಬಾಟಲಿಯ ದ್ರಾವಣ ಸಾಮಾನ್ಯವಾಗಿ ಕೊಡುವುದು ಈ ಆಕ್ಸೈಡನ್ನಲ್ಲ, ತಾಮ್ರ ಮತ್ತು ಸೆಲೆನಿಯಂ ಸೇರಿದ ತೆಳು ಪೊರೆಯನ್ನು. ಬೆರಳಿನ ಜಿಡ್ಡು ತಾಕಿದ ಕಡೆ ಅದು ಕೂರುವುದಿಲ್ಲ. ನಿಮ್ಮ ಮಚ್ಚೆಗಳಿಗೆ ಅದೇ ಕಾರಣವಿರಬೇಕು. ವಿನೆಗರಿನ ಆಮ್ಲವನ್ನು ಅಡುಗೆ ಸೋಡಾದ ನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಹಚ್ಚದಿದ್ದರೆ ಬೆತ್ತಲೆ ಉಕ್ಕು ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ. ಆ ದ್ರಾವಣ ವಿಷಕಾರಿಯೂ ಹೌದು, ಉಳಿದದ್ದನ್ನು ಮಕ್ಕಳ ಕೈಗೆ ಸಿಗದಂತೆ ಇಡಿ.

ನನಗೆ ಹೆಚ್ಚು ಕಳವಳವಾಗಿರುವುದು ಆ ಅಂಕಿಗಳ ಬಗ್ಗೆ. ಬಣ್ಣ ಹೋದರೆ ಮರಳಿ ಕೂರಿಸಬಹುದು, ಆದರೆ ಸವೆದ ಅಕ್ಷರ ಮತ್ತೆ ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಮು ಬಂದೂಕಿನ ಮೇಲಿನ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದನ್ನೂ ಬದಲಿಸುವುದನ್ನೂ ನಿಷೇಧಿಸುತ್ತದೆ. ನಿಮ್ಮ ಉದ್ದೇಶ ಅದಾಗಿರಲಿಲ್ಲವೆಂದು ನಾನು ನಂಬುತ್ತೇನೆ, ಆದರೂ ನವೀಕರಣದ ವೇಳೆ ಪರವಾನಗಿ ಪುಸ್ತಕದ ಸಂಖ್ಯೆಗೂ ಉಕ್ಕಿನ ಮೇಲಿನ ಸಂಖ್ಯೆಗೂ ತಾಳೆಯಾಗದಿದ್ದರೆ ಉತ್ತರಿಸಬೇಕಾದವರು ನೀವೇ. ಅಂಕಿಗಳನ್ನು ಓರೆಯಾದ ಬೆಳಕಿನಲ್ಲಿ ಹಿಡಿದು ಫೋಟೊ ತೆಗೆದುಕೊಳ್ಳಿ. ನಡೆದದ್ದನ್ನು ಇದ್ದಂತೆಯೇ ಬರೆದು ಪರವಾನಗಿ ಪ್ರಾಧಿಕಾರವಾದ ಜಿಲ್ಲಾ ದಂಡಾಧಿಕಾರಿಗಳ ಕಚೇರಿಗೆ ಕೊಟ್ಟು ಹಿಂಬರಹ ಪಡೆಯಿರಿ. ಅಳಿಸಿದ ಅಂಕಿಯನ್ನು ನೀವಾಗಿ ಕೊರೆಯಲು ಹೋಗಬೇಡಿ. ಬಣ್ಣದ ಕೆಲಸವನ್ನು ಬಂದೂಕು ದುರಸ್ತಿಗೆ ಪರವಾನಗಿ ಪಡೆದವರಿಗೇ ಒಪ್ಪಿಸಿ, ವಿನೆಗರಿನಲ್ಲಿ ನೆನೆದ ಸ್ಪ್ರಿಂಗುಗಳನ್ನೂ ಅವರಿಂದಲೇ ಪರೀಕ್ಷೆ ಮಾಡಿಸಿ.

ಚರ್ಮದ ಒರೆಯಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಚರ್ಮ ತೇವವನ್ನು ಹಿಡಿಯುತ್ತದೆ. ಮುಂದಿನ ಆಯುಧಪೂಜೆಯಲ್ಲಿ ಗಂಧ, ಕುಂಕುಮವನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಹಚ್ಚಿ ಪೂಜಿಸಿ.